ಓದುಗರ ಪ್ರಶ್ನೆ: ಕಾಲೇಜನ್ನೂ ಎನ್‌ಬಿಎಯನ್ನೂ ಗೆದ್ದ ಒಬ್ಬರೇ ಕೋಚ್

ಹಿಂದಿನ ಸಂಚಿಕೆಯಲ್ಲಿ ಬಾಸ್ಕೆಟ್‌ಬಾಲ್ ತರಬೇತಿಯ ಬಗ್ಗೆ ಬರೆಯುವಾಗ, ಅಮೆರಿಕದ ಕಾಲೇಜು ಪ್ರಶಸ್ತಿಯನ್ನೂ ಅಲ್ಲಿಯ ವೃತ್ತಿಪರ ಲೀಗ್ ಆದ ಎನ್‌ಬಿಎ ಪ್ರಶಸ್ತಿಯನ್ನೂ ತಮ್ಮ ತಂಡಗಳಿಗೆ ಗೆದ್ದುಕೊಟ್ಟ ಏಕೈಕ ತರಬೇತುದಾರರು ಲ್ಯಾರಿ ಬ್ರೌನ್ ಎಂದು ಒಂದು ಸಾಲು ಬಂದಿತ್ತು. ಆ ಸಾಲನ್ನು ಹಿಡಿದು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಬರೆದ ಪತ್ರಗಳಿಂದ ಆಯ್ದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಲಾಗಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಲ್ಯಾರಿ ಬ್ರೌನ್ ಅವರ ವೃತ್ತಿಜೀವನವನ್ನು ವಿವರವಾಗಿ ತಿಳಿಸಬೇಕು. ಕಾಲೇಜು ಮಟ್ಟದಲ್ಲಿ ಗೆದ್ದ ಕೋಚ್‌ಗಳು ಬಹಳ ಮಂದಿ ಇದ್ದಾರೆ, ಎನ್‌ಬಿಎ ಗೆದ್ದವರೂ ಇದ್ದಾರೆ. ಎರಡನ್ನೂ ಗೆದ್ದವರು ಒಬ್ಬರೇ ಏಕೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬ್ರೌನ್ 1940ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಎತ್ತರ 5 ಅಡಿ 9 ಅಂಗುಲ ಮಾತ್ರ. ನಿಮ್ಮ ಕಾಲೇಜಿನ ತಂಡದಲ್ಲಿಯೇ ಅವರಿಗಿಂತ ಎತ್ತರದ ನಾಲ್ಕಾರು ಹುಡುಗರು ಸಿಕ್ಕಾರು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಮೊದಲು ಫ್ರ್ಯಾಂಕ್ ಮೆಗ್ವೈರ್ ಅವರ ಬಳಿ, ಆಮೇಲೆ ಡೀನ್ ಸ್ಮಿತ್ ಅವರ ಬಳಿ ಪಾಯಿಂಟ್ ಗಾರ್ಡ್ ಆಗಿ ಆಡಿದರು. ಚೆಂಡನ್ನು ಎದುರಾಳಿಯ ಅರ್ಧಕ್ಕೆ ಒಯ್ದು, ಅದು ಯಾರ ಕೈಗೆ ಯಾವಾಗ ಸೇರಬೇಕೆಂದು ತೀರ್ಮಾನಿಸುವ ಜಾಗ ಅದು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಅವರೂ ಒಬ್ಬರು. 1967ರಲ್ಲಿ ಎನ್‌ಬಿಎಗೆ ಪ್ರತಿಸ್ಪರ್ಧಿಯಾಗಿ ಆರಂಭವಾದ ಎಬಿಎ ಲೀಗಿನ ಮೊದಲ ಮೂರು ಋತುಗಳಲ್ಲಿಯೂ ಅತಿ ಹೆಚ್ಚು ಅಸಿಸ್ಟ್ ಕೊಟ್ಟವರು ಅವರೇ. ಇನ್ನೊಬ್ಬನಿಗೆ ಸುಲಭದ ಶಾಟ್ ಒದಗಿಸುವುದೇ ತನ್ನ ಕೆಲಸವೆಂದು ತಿಳಿದು ಆಡಿದ ಮನುಷ್ಯ ಮುಂದೆ ಕೋಚ್ ಆದಾಗ, ಎಲ್ಲ ಆಟಗಾರರಿಂದಲೂ ಅದನ್ನೇ ಬಯಸಿದ್ದು ಸಹಜವಾಗಿತ್ತು.

ಕೋಚ್ ಆಗಿ ಅವರು ಹೊರಟದ್ದು 1972ರಲ್ಲಿ, ಎಬಿಎ ಲೀಗಿನ ಕ್ಯಾರೊಲಿನಾ ಕೂಗರ್ಸ್ ತಂಡದಿಂದ. ಎರಡು ವರ್ಷಗಳ ನಂತರ ಡೆನ್ವರ್‌ಗೆ ಹೋದರು. 1976ರಲ್ಲಿ ಎಬಿಎ ಮುಚ್ಚಿ ಅದರ ನಾಲ್ಕು ತಂಡಗಳು ಎನ್‌ಬಿಎ ಸೇರಿದಾಗ ಡೆನ್ವರ್ ಅವುಗಳಲ್ಲಿ ಒಂದಾಗಿತ್ತು. 1979ರಲ್ಲಿ ಮೊದಲ ಬಾರಿಗೆ ಕಾಲೇಜಿನ ಕಡೆ ತಿರುಗಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸೇರಿದರು, 1980ರಲ್ಲಿ ಆ ತಂಡವನ್ನು ಫೈನಲ್‌ವರೆಗೆ ಒಯ್ದು ಲೂಯಿವಿಲ್ ವಿರುದ್ಧ ಸೋತರು. ಅಲ್ಲಿಂದ ಮತ್ತೆ ಎನ್‌ಬಿಎಯ ನ್ಯೂಜೆರ್ಸಿ ನೆಟ್ಸ್, ಅಲ್ಲಿಂದ 1983ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯ.

ಕ್ಯಾನ್ಸಸ್‌ನ ಐದು ವರ್ಷಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಡ್ಯಾನಿ ಮ್ಯಾನಿಂಗ್ ಎಂಬ ಹೈಸ್ಕೂಲ್ ಆಟಗಾರನ ಮೇಲೆ ಆಗ ಅನೇಕ ವಿಶ್ವವಿದ್ಯಾಲಯಗಳ ಕಣ್ಣಿತ್ತು. ಅವನ ತಂದೆ ಎಡ್ ಮ್ಯಾನಿಂಗ್ ಒಂದು ಕಾಲಕ್ಕೆ ಬ್ರೌನ್ ಅವರ ಕ್ಯಾರೊಲಿನಾ ತಂಡದಲ್ಲಿಯೇ ಆಡಿ, ಆಟ ಬಿಟ್ಟ ಮೇಲೆ ಲಾರಿ ಓಡಿಸಿಕೊಂಡಿದ್ದವರು. ಈ ಎಡ್ ಅವರನ್ನು ಬ್ರೌನ್ ತಮ್ಮ ಸಹಾಯಕ ಕೋಚ್ ಆಗಿ ನೇಮಿಸಿಕೊಂಡರು. ಸಂಸಾರ ವಿಶ್ವವಿದ್ಯಾಲಯವಿರುವ ಲಾರೆನ್ಸ್ ಊರಿಗೆ ಬಂತು, ಮಗ ಕ್ಯಾನ್ಸಸ್ ಸೇರಿದ. ಅಪ್ಪನಿಗೆ ನೌಕರಿ ಕೊಟ್ಟು ಮಗನನ್ನು ಸೆಳೆದರೆಂದು ಟೀಕೆ ಬಂತು, ಮತ್ತು ಆ ಟೀಕೆಯಲ್ಲಿ ಹುರುಳಿಲ್ಲವೆಂದು ಹೇಳುವುದು ಕಷ್ಟ. 1987–88ರ ಋತುವಿನಲ್ಲಿ, ಅದೇ ಮ್ಯಾನಿಂಗ್ ಕೊನೆಯ ವರ್ಷದಲ್ಲಿದ್ದಾಗ, ತಂಡ 11 ಪಂದ್ಯಗಳನ್ನು ಸೋತಿತು. ಅಷ್ಟು ಸೋಲು ಹೊತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಇನ್ನೊಂದು ತಂಡವಿಲ್ಲ.

ಫೈನಲ್‌ನಲ್ಲಿ ಎದುರಾದದ್ದು ಒಕ್ಲಹೋಮ, ಅದೇ ವರ್ಷ ಕ್ಯಾನ್ಸಸ್ ತಂಡವನ್ನು ಎರಡು ಸಲ ಸೋಲಿಸಿದ್ದ, ಓಡಿ ಓಡಿ ಅಂಕ ಗಳಿಸುವ ತಂಡ. ಮೊದಲರ್ಧದಲ್ಲಿ ಕ್ಯಾನ್ಸಸ್ ಅವರ ವೇಗಕ್ಕೆ ವೇಗದಿಂದಲೇ ಉತ್ತರ ಕೊಟ್ಟಿತು. ಮಧ್ಯಂತರದಲ್ಲಿ ಸ್ಕೋರು 50–50. ಎರಡನೇ ಅರ್ಧದಲ್ಲಿ ಆಟ ನಿಧಾನವಾಯಿತು. ಆಗ ಕಾಲೇಜು ಆಟದ ಶಾಟ್ ಕ್ಲಾಕ್, ಎಂದರೆ ಚೆಂಡು ಕೈಗೆ ಬಂದ ಮೇಲೆ ಶಾಟ್ ಹೊಡೆಯಲು ಇರುವ ಗಡುವು, 45 ಸೆಕೆಂಡು ಇತ್ತು. ಆ ಗಡುವನ್ನು ಬಳಸಿಕೊಂಡು, ಚೆಂಡನ್ನು ಕೈಯಿಂದ ಕೈಗೆ ದಾಟಿಸಿ, ಒಕ್ಲಹೋಮದ ಓಟಕ್ಕೆ ಅವಕಾಶವನ್ನೇ ಕೊಡದೆ ಕ್ಯಾನ್ಸಸ್ 83–79ರಿಂದ ಗೆದ್ದಿತು. ಮೊದಲ 20 ನಿಮಿಷಗಳಲ್ಲಿ ಎರಡೂ ತಂಡ ಸೇರಿ 100 ಅಂಕ ಬಂದಿದ್ದರೆ ನಂತರದ 20 ನಿಮಿಷಗಳಲ್ಲಿ ಬಂದದ್ದು 62. ಮ್ಯಾನಿಂಗ್ ಗಳಿಸಿದ 31 ಅಂಕ, 18 ರಿಬೌಂಡ್‌ಗಳೇ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು) ಎಲ್ಲರ ನೆನಪಿನಲ್ಲಿವೆ. ಕೋಚ್‌ನ ಕೈವಾಡ ನೋಡಬೇಕೆನ್ನುವವರು ಈ ನೂರು ಮತ್ತು ಅರವತ್ತೆರಡರ ನಡುವಿನ ವ್ಯತ್ಯಾಸವನ್ನು ನೋಡಬೇಕು.

ಗೆದ್ದ ಬೆನ್ನಿಗೇ ಬ್ರೌನ್ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ಸೇರಿದರು. ಮೊದಲ ವರ್ಷ 21 ಗೆಲುವು, 61 ಸೋಲು. ಡೇವಿಡ್ ರಾಬಿನ್ಸನ್ ಬಂದ ಎರಡನೇ ವರ್ಷ 56 ಗೆಲುವು. ಬಳಿಕ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್, ಇಂಡಿಯಾನಾ ಪೇಸರ್ಸ್. 1997ರಲ್ಲಿ ಫಿಲಡೆಲ್ಫಿಯಾ, ಅಲ್ಲಿ ಅಲೆನ್ ಐವರ್ಸನ್. ಆರು ಅಡಿಯ, ಚೆಂಡು ಕೈಗೆ ಸಿಕ್ಕರೆ ಬಿಡದ, ಅಂಕ ಗಳಿಸುವುದರಲ್ಲಿ ಅಸಾಧಾರಣನಾದ ಆಟಗಾರ ಅವನು. ಬ್ರೌನ್ ಅವನನ್ನು ಪಾಯಿಂಟ್ ಗಾರ್ಡ್ ಜಾಗದಿಂದ ಸರಿಸಿ ಆ ಹೊಣೆಯನ್ನು ಎರಿಕ್ ಸ್ನೋಗೆ ಕೊಟ್ಟರು. ಐವರ್ಸನ್ ಪರದೆಗಳ, ಎಂದರೆ ಎದುರಾಳಿಗೆ ಅಡ್ಡ ನಿಂತ ಜೊತೆಗಾರರ, ಹಿಂದಿನಿಂದ ಓಡಿಬಂದು ಚೆಂಡು ಪಡೆಯುವಂತಾಯಿತು, ಉಳಿದ ನಾಲ್ವರು ಡಿಫೆನ್ಸ್ ಮತ್ತು ರಿಬೌಂಡ್ ಹೊತ್ತರು. 2001ರಲ್ಲಿ ತಂಡ ಫೈನಲ್ ತಲುಪಿ, ಆವರೆಗೆ ಆ ಪ್ಲೇಆಫ್‌ನಲ್ಲಿ (ಲೀಗ್ ಮುಗಿದ ಮೇಲೆ ಮುಂದಿನ ತಂಡಗಳು ಪ್ರಶಸ್ತಿಗಾಗಿ ಆಡುವ ಸರಣಿಗಳು) ಒಂದೂ ಪಂದ್ಯ ಸೋಲದಿದ್ದ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ಮೊದಲ ಪಂದ್ಯದಲ್ಲಿ ಸೋಲಿಸಿ, ಸರಣಿಯನ್ನು 4–1ರಿಂದ ಸೋತಿತು. ಐವರ್ಸನ್ ಆ ವರ್ಷದ ಅತ್ಯುತ್ತಮ ಆಟಗಾರ, ಬ್ರೌನ್ ಅತ್ಯುತ್ತಮ ಕೋಚ್. ಮರು ವರ್ಷ ಇಬ್ಬರ ನಡುವಿನ ಜಗಳ ಬೀದಿಗೆ ಬಂತು. ಪತ್ರಿಕಾಗೋಷ್ಠಿಯೊಂದರಲ್ಲಿ ಐವರ್ಸನ್, ನೀವು ಕೇಳುತ್ತಿರುವುದು ಪಂದ್ಯದ ಬಗ್ಗೆ ಅಲ್ಲ, ಬರೀ ಪ್ರಾಕ್ಟೀಸ್ ಬಗ್ಗೆ ಎಂದು ಆ ಒಂದು ಶಬ್ದವನ್ನೇ ಇಪ್ಪತ್ತಕ್ಕೂ ಹೆಚ್ಚು ಸಲ ಹೇಳಿದ್ದು ಇಂದಿಗೂ ಜನಪ್ರಿಯ ವಿಡಿಯೊ. ತಾಲೀಮೇ ಸರ್ವಸ್ವ ಎನ್ನುವ ಕೋಚ್, ಪಂದ್ಯವೇ ಸರ್ವಸ್ವ ಎನ್ನುವ ಆಟಗಾರ ಆರು ವರ್ಷ ಒಟ್ಟಿಗೆ ಬಾಳಿದ್ದೇ ಆಶ್ಚರ್ಯ.

2003ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್. ಅಲ್ಲಿ ಐವರ್ಸನ್‌ನಂಥ ಒಬ್ಬನೂ ಇರಲಿಲ್ಲ. ಬಿಲಪ್ಸ್, ಹ್ಯಾಮಿಲ್ಟನ್, ಪ್ರಿನ್ಸ್, ಬೆನ್ ವ್ಯಾಲೇಸ್, ನಡು ಋತುವಿನಲ್ಲಿ ಬಂದ ರಶೀದ್ ವ್ಯಾಲೇಸ್, ಐವರೂ ಹೆಚ್ಚುಕಡಿಮೆ ಸಮತೂಕದವರು. 2004ರ ಫೈನಲ್‌ನಲ್ಲಿ ಎದುರಿಗೆ ಶಕೀಲ್ ಒನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಇದ್ದ ಲೇಕರ್ಸ್. ಡೆಟ್ರಾಯಿಟ್ 4–1ರಿಂದ ಗೆದ್ದಿತು. ಅಲ್ಲಿಗೆ ಎರಡೂ ಪ್ರಶಸ್ತಿಗಳು ಒಬ್ಬರ ಹೆಸರಿನಲ್ಲಿ ಸೇರಿದವು. ಮುಂದಿನದು ಇಳಿಜಾರು: ನ್ಯೂಯಾರ್ಕ್ ನಿಕ್ಸ್‌ನಲ್ಲಿ ಒಂದೇ ವರ್ಷ, 23 ಗೆಲುವು, 59 ಸೋಲು, ಷಾರ್ಲಟ್‌ನಲ್ಲಿ 2010ರಲ್ಲಿ ಆ ತಂಡದ ಮೊದಲ ಪ್ಲೇಆಫ್, 2012ರಿಂದ 2016ರವರೆಗೆ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. ಎಂಟು ಬೇರೆ ಬೇರೆ ಎನ್‌ಬಿಎ ತಂಡಗಳನ್ನು ಪ್ಲೇಆಫ್‌ಗೆ ಒಯ್ದ ಕೋಚ್ ಇನ್ನೊಬ್ಬರಿಲ್ಲ.

ಒಬ್ಬರೇ ಏಕೆ ಎಂಬುದಕ್ಕೆ ನನ್ನ ಉತ್ತರ ಇದು. ಕಾಲೇಜಿನಲ್ಲಿ ಹೆಸರು ಮಾಡಿ ಎನ್‌ಬಿಎಗೆ ಹೋದವರು ಬಹಳ ಮಂದಿ. ಬ್ರೌನ್ ಹಾಗೆ ಹೋದವರಲ್ಲ. ಅವರು ದುಡ್ಡು ಪಡೆದು ಆಡುವ ವಯಸ್ಕರ ನಡುವೆ ಕೆಲಸ ಕಲಿತು, ಆಮೇಲೆ ಕಾಲೇಜಿಗೆ ಬಂದರು. ಆದ್ದರಿಂದ ಮರಳಿ ಎನ್‌ಬಿಎಗೆ ಹೋದಾಗ ಅಲ್ಲಿಯ ಆಟಗಾರನ ಅಹಂಕಾರವಾಗಲಿ, ಮಾಲೀಕನ ಅವಸರವಾಗಲಿ ಅವರಿಗೆ ಹೊಸದಾಗಿರಲಿಲ್ಲ.

ಪ್ರಶ್ನೆ: ಇಷ್ಟೊಂದು ತಂಡಗಳನ್ನು ನಡುವೆಯೇ ಬಿಟ್ಟು ಹೋದವರನ್ನು, ಅದರಲ್ಲೂ ನಿಯಮ ಮುರಿದ ಆರೋಪ ಹೊತ್ತವರನ್ನು ಮಕ್ಕಳ ಮುಂದೆ ಮಾದರಿ ಎಂದು ಇಡಬಹುದೇ?
– ನಿವೃತ್ತ ಮುಖ್ಯೋಪಾಧ್ಯಾಯರು, ಬೆಟಗೇರಿ, ಗದಗ

ಉತ್ತರ: ಇಡೀ ಮನುಷ್ಯನನ್ನು ಮಾದರಿಯಾಗಿ ಇಡಬೇಕಾದ ಅಗತ್ಯವಿಲ್ಲ. 1969ರಲ್ಲಿ ಡೇವಿಡ್ಸನ್ ಕಾಲೇಜಿನ ಹುದ್ದೆ ಒಪ್ಪಿಕೊಂಡು ಒಂದು ಪಂದ್ಯವನ್ನೂ ಆಡಿಸದೆ ಬಿಟ್ಟವರು ಬ್ರೌನ್. 1983ರಲ್ಲಿ ನೆಟ್ಸ್ ತಂಡವನ್ನು ಪ್ಲೇಆಫ್ ಹೊಸ್ತಿಲಲ್ಲಿ ಬಿಟ್ಟು ಕ್ಯಾನ್ಸಸ್‌ಗೆ ಹೊರಟರು. ಅವರು ಆಡಿಸಿದ ಮೂರೂ ವಿಶ್ವವಿದ್ಯಾಲಯಗಳ ಮೇಲೆ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಕ್ರಮ ಜರುಗಿಸಿದೆ. ಯುಸಿಎಲ್‌ಎ ತಂಡದಲ್ಲಿ ಅರ್ಹತೆಯಿಲ್ಲದ ಆಟಗಾರರಿದ್ದರೆಂದು 1980ರ ಎರಡನೇ ಸ್ಥಾನವನ್ನು ದಾಖಲೆಯಿಂದ ತೆಗೆಯಲಾಯಿತು. ತಂಡಕ್ಕೆ ಬರಲಿದ್ದ ಆಟಗಾರನಿಗೆ ವಿಮಾನದ ಟಿಕೆಟ್ ಮುಂತಾದ ನೆರವು ಕೊಟ್ಟದ್ದಕ್ಕಾಗಿ ಕ್ಯಾನ್ಸಸ್ ತಂಡಕ್ಕೆ 1989ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಪ್ರಶಸ್ತಿ ಉಳಿಸಿಕೊಳ್ಳಲು ಆಡುವ ಅವಕಾಶವೇ ಸಿಗಲಿಲ್ಲ. 2015ರಲ್ಲಿ ಸದರ್ನ್ ಮೆಥಡಿಸ್ಟ್ ತಂಡದ ಮೇಲೂ ನಿಷೇಧ ಬಂದು, ಬ್ರೌನ್ 9 ಪಂದ್ಯಗಳಿಗೆ ಅಮಾನತಾದರು.

ಇಲ್ಲಿ ಒಂದು ಅನ್ಯಾಯ ಗಮನಿಸಬೇಕು. ಪ್ರತಿ ಸಲವೂ ಶಿಕ್ಷೆಯ ಭಾರ ಹೊತ್ತವರು ಹೆಚ್ಚಾಗಿ ಉಳಿದುಕೊಂಡ ಹುಡುಗರು. ಕ್ಯಾನ್ಸಸ್‌ಗೆ ಶಿಕ್ಷೆ ಪ್ರಕಟವಾದಾಗ ಕೋಚ್ ಸ್ಯಾನ್ ಆಂಟೋನಿಯೊದಲ್ಲಿದ್ದರು. ಅವರ ಗುರು ಡೀನ್ ಸ್ಮಿತ್ ಒಂದೇ ವಿಶ್ವವಿದ್ಯಾಲಯದಲ್ಲಿ 1961ರಿಂದ 1997ರವರೆಗೆ 36 ವರ್ಷ ಕೂತು 879 ಪಂದ್ಯ ಗೆದ್ದವರು ಎಂಬುದನ್ನು ಪಕ್ಕದಲ್ಲಿಟ್ಟರೆ ಶಿಷ್ಯನ ಚಂಚಲತೆ ಇನ್ನಷ್ಟು ಎದ್ದು ಕಾಣುತ್ತದೆ. ಆದರೂ ಬ್ರೌನ್ ಬಿಟ್ಟುಹೋದ ತಂಡಗಳ ಆಟಗಾರರಲ್ಲಿ, ಆಟ ಕಲಿತದ್ದು ಅವರಿಂದಲೇ ಎನ್ನುವವರು ಬಹಳ. ತಮ್ಮನ್ನು ನಡುನೀರಿನಲ್ಲಿ ಬಿಟ್ಟವರ ಬಗ್ಗೆ ಹಾಗೆ ಹೇಳುವುದು ಸುಲಭವಲ್ಲ. ಅವರ ತಾಲೀಮನ್ನು ಮಾದರಿಯಾಗಿ ಇಡಿ, ನಡತೆಯನ್ನು ಎಚ್ಚರಿಕೆಯಾಗಿ ಇಡಿ.

ಪ್ರಶ್ನೆ: ವಿದ್ಯಾರ್ಥಿಗಳಿಗೆ ಕೋಚ್ ಆಗುವುದಕ್ಕೂ ಸಂಬಳದ ಆಟಗಾರರಿಗೆ ಕೋಚ್ ಆಗುವುದಕ್ಕೂ ನಿಜವಾದ ವ್ಯತ್ಯಾಸವೇನು? ಆಟ ಒಂದೇ ಅಲ್ಲವೇ?
– ಕಾಲೇಜು ಉಪನ್ಯಾಸಕಿ, ಸಪ್ತಾಪುರ, ಧಾರವಾಡ

ಉತ್ತರ: ನಿಯಮದಲ್ಲಿಯೇ ವ್ಯತ್ಯಾಸಗಳಿವೆ. ಪುರುಷರ ಕಾಲೇಜು ಪಂದ್ಯ 20 ನಿಮಿಷದ ಎರಡು ಅರ್ಧಗಳದು, ಎನ್‌ಬಿಎ ಪಂದ್ಯ 12 ನಿಮಿಷದ ನಾಲ್ಕು ಕ್ವಾರ್ಟರ್‌ಗಳದು. ಶಾಟ್ ಹೊಡೆಯಲು ಕಾಲೇಜಿನಲ್ಲಿ ಈಗ 30 ಸೆಕೆಂಡು, ಎನ್‌ಬಿಎಯಲ್ಲಿ 1954ರಿಂದಲೂ 24. ಈ ಆರು ಸೆಕೆಂಡುಗಳ ಅಂತರ ಕಾಗದದ ಮೇಲೆ ಸಣ್ಣದಾಗಿ ಕಂಡರೂ, ಕೋಚ್ ಬರೆದುಕೊಟ್ಟ ಚಲನೆಗಳನ್ನು ಪೂರ್ತಿ ಆಡಿಸಲು ಕಾಲೇಜಿನಲ್ಲಿ ಸಮಯವಿರುತ್ತದೆ. ಎನ್‌ಬಿಎಯಲ್ಲಿ ಯೋಜನೆ ಒಡೆದ ಕೂಡಲೇ ಆಟಗಾರನ ಸ್ವಂತ ಕೌಶಲವೇ ದಿಕ್ಕು.

ಅದಕ್ಕಿಂತ ದೊಡ್ಡದು ಪಂದ್ಯಾವಳಿಯ ಸ್ವರೂಪ. ಕಾಲೇಜಿನ ರಾಷ್ಟ್ರೀಯ ಪಂದ್ಯಾವಳಿಯಲ್ಲಿ 68 ತಂಡಗಳು, ಎಲ್ಲವೂ ನಾಕೌಟ್. ಒಂದು ಸಂಜೆ ಕೆಟ್ಟರೆ ಮನೆಗೆ. ಎನ್‌ಬಿಎಯಲ್ಲಿ 82 ಪಂದ್ಯಗಳ ಲೀಗ್ ಮುಗಿಸಿ, ಪ್ಲೇಆಫ್‌ನಲ್ಲಿ ಒಂದೇ ಎದುರಾಳಿಯೊಡನೆ ಏಳು ಪಂದ್ಯಗಳವರೆಗೆ ಆಡಬೇಕು. ನಾಕೌಟ್‌ನಲ್ಲಿ ಒಂದು ಹೊಸ ಉಪಾಯ ಒಂದು ರಾತ್ರಿ ನಡೆದರೆ ಸಾಕು. ಏಳು ಪಂದ್ಯಗಳ ಸರಣಿಯಲ್ಲಿ ಎರಡನೇ ಪಂದ್ಯದ ಹೊತ್ತಿಗೆ ಎದುರಿನ ಕೋಚ್ ಅದನ್ನು ಓದಿಬಿಟ್ಟಿರುತ್ತಾನೆ, ಮೂರನೆಯದಕ್ಕೆ ನಿಮ್ಮಲ್ಲಿ ಇನ್ನೊಂದು ಸಿದ್ಧವಿರಬೇಕು.

ಇವೆರಡರ ಕೆಳಗೆ ಇರುವುದು ಅಧಿಕಾರದ ಪ್ರಶ್ನೆ. ಕಾಲೇಜಿನಲ್ಲಿ ಆಟಗಾರನನ್ನು ಹುಡುಕಿ ತರುವವನು ಕೋಚ್, ಕೂರಿಸುವವನೂ ಅವನೇ, ಹುಡುಗ ಹೆಚ್ಚೆಂದರೆ ನಾಲ್ಕು ವರ್ಷ ಆಡಿ ಹೋಗುತ್ತಾನೆ, ಕೋಚ್ ಉಳಿಯುತ್ತಾನೆ. ಎನ್‌ಬಿಎಯಲ್ಲಿ ಆಟಗಾರನ ಸಂಬಳ ಸಾಮಾನ್ಯವಾಗಿ ಕೋಚ್‌ನದಕ್ಕಿಂತ ದೊಡ್ಡದು. ಇಬ್ಬರಿಗೂ ಹೊಂದಾಣಿಕೆ ಆಗದಿದ್ದರೆ ಹೋಗುವವನು ಕೋಚ್. ಕೆಂಟಕಿ ವಿಶ್ವವಿದ್ಯಾಲಯಕ್ಕೆ 1996ರಲ್ಲಿ ಪ್ರಶಸ್ತಿ ತಂದ ರಿಕ್ ಪಿಟಿನೊ ಬಾಸ್ಟನ್ ಸೆಲ್ಟಿಕ್ಸ್‌ನಲ್ಲಿ 2001ರ ಹೊತ್ತಿಗೆ ಕೈಚೆಲ್ಲಿದರು. ಲಾಸ್ ವೇಗಸ್‌ನಲ್ಲಿ 1990ರ ಪ್ರಶಸ್ತಿ ಗೆದ್ದ ಜೆರ್ರಿ ಟಾರ್ಕೇನಿಯನ್ ಎನ್‌ಬಿಎಯಲ್ಲಿ ಉಳಿದದ್ದು 20 ಪಂದ್ಯ. ಡ್ಯೂಕ್ ವಿಶ್ವವಿದ್ಯಾಲಯದ ಮೈಕ್ ಶಶೆಫ್‌ಸ್ಕಿ 2004ರಲ್ಲಿ ಲೇಕರ್ಸ್ ಕರೆದಾಗ ಹೋಗದೆ, 2022ರವರೆಗೆ ಕಾಲೇಜಿನಲ್ಲಿಯೇ ಇದ್ದು ಐದು ಪ್ರಶಸ್ತಿ ಗೆದ್ದರು. ಯುಸಿಎಲ್‌ಎಯಲ್ಲಿ 12 ವರ್ಷಗಳಲ್ಲಿ 10 ಪ್ರಶಸ್ತಿ ಗೆದ್ದ ಜಾನ್ ವುಡನ್ ಆ ಕಡೆ ತಲೆ ಹಾಕಲೇ ಇಲ್ಲ.

ಈ ಚಿತ್ರ ಈಗ ಬದಲಾಗುತ್ತಿದೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತಿನ ಹಣ ಗಳಿಸಬಹುದು, ಒಂದು ವರ್ಷ ಕಾಯದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು. 2025ರ ನ್ಯಾಯಾಲಯದ ಒಪ್ಪಂದದ ನಂತರ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. 2019ರಲ್ಲಿ ವರ್ಜೀನಿಯಾಕ್ಕೆ ಪ್ರಶಸ್ತಿ ತಂದ ಟೋನಿ ಬೆನೆಟ್ 2024ರಲ್ಲಿ, ಋತು ಆರಂಭವಾಗುವ ಕೆಲವೇ ವಾರಗಳ ಮುಂಚೆ ನಿವೃತ್ತರಾದಾಗ, ಈ ಹೊಸ ವ್ಯವಸ್ಥೆಗೆ ತಾವು ಒಗ್ಗುವವರಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಹುಡುಗರ ಕೈಗೆ ಅವರ ದುಡಿಮೆಯ ಪಾಲು ಬಂದದ್ದು ನ್ಯಾಯವೇ ಎಂದು ನನ್ನ ಅಭಿಪ್ರಾಯ; ಅದರ ಜೊತೆಗೆ ನಾಲ್ಕು ವರ್ಷ ಒಬ್ಬನನ್ನೇ ತಿದ್ದಿ ತೀಡುವ ಅವಕಾಶ ಕೋಚ್‌ಗಳ ಕೈಯಿಂದ ಜಾರುತ್ತಿರುವುದೂ ನಿಜ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. ಒಂದೇ ಬೋರ್ಡು, ಹನ್ನೆರಡು ಹುಡುಗರು, ಎರಡು ಚೆಂಡು, ಸಂಜೆ ಒಂದು ತಾಸು. ಮಳೆಗಾಲದಲ್ಲಿ ಸಿಮೆಂಟ್ ಅಂಕಣ ಪಾಚಿಗಟ್ಟಿ ಜಾರುತ್ತದೆ. ಇಂಥ ದೊಡ್ಡ ಕೋಚ್‌ಗಳ ಪದ್ಧತಿಯಿಂದ ನಮಗೇನಾದರೂ ಬಳಸಲು ಬರುತ್ತದೆಯೇ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಬರುತ್ತದೆ, ಏಕೆಂದರೆ ಅವರ ಪದ್ಧತಿಯ ಮುಖ್ಯ ಭಾಗಕ್ಕೆ ಹಣ ಬೇಕಾಗಿಲ್ಲ. ಜಾನ್ ವುಡನ್ ಪ್ರತಿ ವರ್ಷದ ಮೊದಲ ದಿನ, ದೇಶದಲ್ಲೇ ಅತ್ಯುತ್ತಮರೆನಿಸಿದ ಆಟಗಾರರನ್ನು ಕೂಡಿಸಿ, ಕಾಲುಚೀಲದಲ್ಲಿ ಸುಕ್ಕು ಉಳಿಯದಂತೆ ಹಾಕಿಕೊಂಡು ಬೂಟಿನ ದಾರವನ್ನು ಬಿಗಿಯಾಗಿ ಕಟ್ಟುವುದು ಹೇಗೆಂದು ತೋರಿಸುತ್ತಿದ್ದರು. ಸುಕ್ಕಿನಿಂದ ಬೊಬ್ಬೆ ಏಳುತ್ತದೆ, ಬೊಬ್ಬೆಯೆದ್ದವನು ತಾಲೀಮು ತಪ್ಪಿಸುತ್ತಾನೆ, ತಾಲೀಮು ತಪ್ಪಿಸಿದವನು ಪಂದ್ಯದಲ್ಲಿ ತಡವಾಗುತ್ತಾನೆ ಎಂಬುದು ಅವರ ಲೆಕ್ಕ. ಪಾಚಿಯ ಮಾತಿಗೆ ಬಂದರೆ, ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿಸಿ, ಪೂರ್ತಿ ಒಣಗುವವರೆಗೆ ಯಾರನ್ನೂ ಓಡಿಸಬೇಡಿ. ಹಸಿ ಇರುವ ದಿನ ನಿಂತಲ್ಲೇ ಪಾಸ್ ಮತ್ತು ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಎಸೆತ) ಸಾಕು.

ಒಂದೇ ಬೋರ್ಡಿಗೆ ಹೇಳಿ ಮಾಡಿಸಿದ ಅಭ್ಯಾಸ ಶೆಲ್ ಡ್ರಿಲ್. ಅರ್ಧ ಅಂಕಣದಲ್ಲಿ ನಾಲ್ವರು ದಾಳಿಗೆ, ನಾಲ್ವರು ತಡೆಯಲು, ನಾಲ್ವರು ಹೊರಗೆ. ಮೊದಲ ಹತ್ತು ನಿಮಿಷ ಡ್ರಿಬಲ್ ಇಲ್ಲ, ಶಾಟ್ ಇಲ್ಲ. ದಾಳಿಯವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ನಿಧಾನವಾಗಿ ದಾಟಿಸುತ್ತಿರಲಿ. ಚೆಂಡು ಹಿಡಿದವನ ಎದುರಿನ ಹುಡುಗ ಒಂದು ಕೈಯಳತೆಯಲ್ಲಿರಬೇಕು. ಒಂದು ಪಾಸಿನ ದೂರದಲ್ಲಿರುವವನು ಪಾಸಿನ ದಾರಿಗೆ ಕೈ ಅಡ್ಡ ಚಾಚಿರಬೇಕು. ಎರಡು ಪಾಸಿನ ದೂರದಲ್ಲಿರುವವನು ತನ್ನ ಎದುರಾಳಿಯನ್ನು ಬಿಟ್ಟು ರಿಂಗಿನ ನೇರಕ್ಕೆ ಬಂದು, ಒಂದು ಕೈ ಚೆಂಡಿನ ಕಡೆ, ಇನ್ನೊಂದು ತನ್ನವನ ಕಡೆ ತೋರಿಸುತ್ತ ನಿಲ್ಲಬೇಕು. ಚೆಂಡು ಗಾಳಿಯಲ್ಲಿರುವಾಗಲೇ ನಾಲ್ವರೂ ಸರಿಯಬೇಕು, ಕೈಗೆ ಸಿಕ್ಕ ಮೇಲಲ್ಲ. ಬಾಯಿ ತೆರೆದು ಕೂಗಬೇಕು. ನಮ್ಮ ಹುಡುಗರಿಗೆ ಕಷ್ಟವಾಗುವುದು ಇದೇ, ಅಂಕಣದ ಹೊರಗೆ ಓಣಿ ಕೇಳುವಂತೆ ಮಾತಾಡುವವರು ಒಳಗೆ ಬಂದರೆ ಮೂಕರಾಗುತ್ತಾರೆ. ಯಾರಾದರೂ ತಡವಾಗಿ ಸರಿದರೆ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಅವನ ಭುಜ ಹಿಡಿದು ಇರಬೇಕಾದ ಜಾಗಕ್ಕೆ ಎರಡು ಹೆಜ್ಜೆ ಸರಿಸಿ, ಮತ್ತೆ ಅದೇ ಪಾಸಿನಿಂದ ಆರಂಭಿಸಿ. ಬ್ರೌನ್ ಎನ್‌ಬಿಎ ಆಟಗಾರರಿಗೂ ಆಟ ನಿಲ್ಲಿಸಿ ಹೀಗೆಯೇ ತಿದ್ದುತ್ತಿದ್ದರು. ಕೋಟ್ಯಧೀಶರು ಅದನ್ನು ಸಹಿಸಿದ ಮೇಲೆ ಒಂಬತ್ತನೇ ತರಗತಿಯ ಹುಡುಗರು ಸಹಿಸಿಯಾರು.

ಆಮೇಲೆ ಡ್ರಿಬಲ್ ಮತ್ತು ಶಾಟ್ ಬಿಡಿ. ತಡೆಯುವವರು ಚೆಂಡನ್ನು ಕಸಿದುಕೊಂಡರೆ ಅಥವಾ ರಿಬೌಂಡ್ ಹಿಡಿದರೆ ಮಾತ್ರ ಅವರಿಗೆ ದಾಳಿಯ ಸರದಿ, ಹೊರಗಿದ್ದ ನಾಲ್ವರು ತಡೆಯಲು ಬರಲಿ. ಡಿಫೆನ್ಸ್ ಮಾಡಿದವನಿಗೇ ಚೆಂಡು ಎಂಬ ಈ ಒಂದು ನಿಯಮ ಹತ್ತು ಉಪದೇಶಕ್ಕೆ ಸಮ. ಇನ್ನೊಂದು, ಡೀನ್ ಸ್ಮಿತ್ ಅವರಿಂದ ಎರವಲು ತರಬಹುದಾದದ್ದು: ಬುಟ್ಟಿಗೆ ಹಾಕಿದವನು, ಪಾಸ್ ಕೊಟ್ಟವನ ಕಡೆ ಕೂಡಲೇ ಬೆರಳು ತೋರಿಸಬೇಕು. ಕೊನೆಯ ಹತ್ತು ನಿಮಿಷ, ದಣಿದಿರುವಾಗಲೇ, ಪ್ರತಿಯೊಬ್ಬನಿಗೂ ಎರಡೆರಡು ಫ್ರೀ ಥ್ರೋ. ಪಂದ್ಯದಲ್ಲಿ ಅದನ್ನು ಯಾರೂ ಉಸಿರಾರಿಸಿಕೊಂಡು ಹೊಡೆಯುವುದಿಲ್ಲ. ನಮ್ಮ ಕಡೆಯ ಅಂಕಣಗಳಲ್ಲಿ ಹಿರಿಯರು ಹೇಳುವ ‘ಮೊದಲ ಕಾಲ ನೋಡ್ಕೋ, ಆಮ್ಯಾಲೆ ಬಾಲ್ ಒಗಿ’ ಎಂಬ ಮಾತಿಗಿಂತ ಉತ್ತಮವಾದ ಸೂಚನೆ ಶಾಟ್ ಕಲಿಸಲು ನನಗೆ ಗೊತ್ತಿಲ್ಲ.

ಪ್ರಶ್ನೆ: ನಮ್ಮ ಕಿರಾಣಾ ಘರಾಣೆಯಲ್ಲಿ ಇರುವಂತೆ ಬಾಸ್ಕೆಟ್‌ಬಾಲ್ ಕೋಚ್‌ಗಳಲ್ಲಿಯೂ ಗುರುಪರಂಪರೆ ಇದೆಯೇ?
– ಸಂಗೀತ ವಿದ್ಯಾರ್ಥಿನಿ, ಮಾಳಮಡ್ಡಿ, ಧಾರವಾಡ

ಉತ್ತರ: ಇದೆ, ಮತ್ತು ಬ್ರೌನ್ ಅದರ ನಡುವಿನ ಕೊಂಡಿ. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ಸೃಷ್ಟಿಸಿದ ಜೇಮ್ಸ್ ನೈಸ್ಮಿತ್ ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಕೋಚ್ ಆದರು. 55 ಗೆದ್ದು 60 ಸೋತರು, ಅಲ್ಲಿಯ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಅವರೊಬ್ಬರಿಗೇ. ಅವರ ಶಿಷ್ಯ ಫಾಗ್ ಅಲೆನ್. ಈ ಆಟವನ್ನು ಆಡಬೇಕೇ ಹೊರತು ಕಲಿಸಲಾಗದು ಎಂದು ಗುರು ಶಿಷ್ಯನಿಗೆ ಹೇಳಿದರೆಂಬ ಕಥೆ ಪ್ರಚಲಿತವಿದೆ. ಶಿಷ್ಯ ಕೇಳಲಿಲ್ಲ, 1956ರವರೆಗೆ ಕಲಿಸಿದರು. ಅಲೆನ್ ಅವರ 1952ರ ಪ್ರಶಸ್ತಿ ವಿಜೇತ ತಂಡದಲ್ಲಿ ಡೀನ್ ಸ್ಮಿತ್ ಇದ್ದರು, ಸ್ಮಿತ್ ಅವರ ಬಳಿ ಬ್ರೌನ್ ಆಡಿದರು. ಬ್ರೌನ್ ಅವರ ಕ್ಯಾನ್ಸಸ್ ತಾಲೀಮನ್ನು ನೋಡಿ ಕಲಿಯಲೆಂದು ತಮ್ಮ ಸಣ್ಣ ಕಾಲೇಜಿನಿಂದ ಒಂದು ವರ್ಷದ ರಜೆ ಪಡೆದು ಬಂದವರು ಗ್ರೆಗ್ ಪೊಪೊವಿಚ್. 1988ರಲ್ಲಿ ಬ್ರೌನ್ ಈ ಶಿಷ್ಯನನ್ನು ಸ್ಯಾನ್ ಆಂಟೋನಿಯೊಗೆ ತಮ್ಮ ಸಹಾಯಕರಾಗಿ ಕರೆದೊಯ್ದರು. ಅದೇ ಪೊಪೊವಿಚ್ 1996ರಿಂದ 2025ರವರೆಗೆ ಸ್ಪರ್ಸ್ ತಂಡದ ಮುಖ್ಯ ಕೋಚ್ ಆಗಿ ಐದು ಪ್ರಶಸ್ತಿ ಗೆದ್ದರು. ಅದರಲ್ಲಿ 2005ರದ್ದು ಗುರುವಿನ ಡೆಟ್ರಾಯಿಟ್ ತಂಡದ ವಿರುದ್ಧ, ಏಳನೇ ಪಂದ್ಯದಲ್ಲಿ.

ಇಬ್ಬರೂ ಸೇರಿ ನಡೆಸಿದ 2004ರ ಅಥೆನ್ಸ್ ಒಲಿಂಪಿಕ್ಸ್ ತಂಡ ಮಾತ್ರ ಕಂಚಿಗೆ ನಿಂತಿತು. ಮೊದಲ ಪಂದ್ಯವನ್ನೇ ಪೋರ್ಟೊ ರಿಕೊ ಎದುರು 92–73ರಿಂದ ಸೋತಿತ್ತು. ಟೋಕಿಯೊದಲ್ಲಿ 2021ರಲ್ಲಿ ಚಿನ್ನ ಗೆದ್ದ ಅಮೆರಿಕ ತಂಡಕ್ಕೆ ಪೊಪೊವಿಚ್ ಕೋಚ್ ಆಗಿದ್ದರು.

ಪ್ರಶ್ನೆ: ಬಿ.ಪಿ.ಇಡಿ. ಓದುತ್ತಿದ್ದೇನೆ. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಆಗಿ ಬದುಕಲು ಸಾಧ್ಯವೇ?
– ರಾಣೇಬೆನ್ನೂರು

ಉತ್ತರ: ಕೋಚ್ ಆಗಿ ಮಾತ್ರ ಬದುಕುವುದು ಕಷ್ಟ, ಶಿಕ್ಷಕರಾಗಿದ್ದು ಕೋಚ್ ಆಗುವ ದಾರಿ ಗಟ್ಟಿ. ಬಿ.ಪಿ.ಇಡಿ. ಶಾಲೆಯ ಹುದ್ದೆಗೆ ಸಾಕು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಎಂ.ಪಿ.ಇಡಿ. ಜೊತೆಗೆ ಎನ್‌ಇಟಿ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಬೇಕು. ಕೋಚಿಂಗ್‌ಗೇ ಆದರೆ ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾಕ್ಕೆ ಇಂದಿಗೂ ಬೆಲೆಯಿದೆ. ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಉಂಟು. ಯಾವ ಆಟ ಯಾವ ಕೇಂದ್ರದಲ್ಲಿ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಪುರುಷರ ರಾಷ್ಟ್ರೀಯ ತಂಡಕ್ಕೆ ಹೊರಗಿನಿಂದ ಕೋಚ್ ತರುವ ರೂಢಿಯೂ ನಮ್ಮಲ್ಲಿದೆ. ಎನ್‌ಬಿಎಯಲ್ಲಿ ಸ್ಯಾಕ್ರಮೆಂಟೊ ತಂಡದ ಹಂಗಾಮಿ ಕೋಚ್ ಆಗಿದ್ದ ಕೆನ್ನಿ ನ್ಯಾಟ್ 2011ರಲ್ಲಿ ಬಂದಿದ್ದರು. ಅವರ ನಂತರ ಬಂದ ಸ್ಕಾಟ್ ಫ್ಲೆಮಿಂಗ್ ಅವರ ಕಾಲದಲ್ಲಿ, 2014ರ ಏಷ್ಯಾ ಕಪ್‌ನಲ್ಲಿ ಭಾರತ ಚೀನಾವನ್ನು ಅವರ ನೆಲದಲ್ಲಿಯೇ 65–58ರಿಂದ ಸೋಲಿಸಿತು. ಫ್ಲೆಮಿಂಗ್ ಕೂಡ ಅಮೆರಿಕದ ಸಣ್ಣ ಕಾಲೇಜಿನಲ್ಲಿ ತರಬೇತಿ ಕೊಡುತ್ತ ಮೇಲೆ ಬಂದ ಕೋಚ್ ಎಂಬುದು ನಿಮಗೆ ಧೈರ್ಯ ಕೊಡಬಹುದು.

ಪ್ರಶ್ನೆ: ಬ್ರೌನ್ ಅವರ ಕೆಲಸ ತಿಳಿಯಲು ಒಂದೇ ಒಂದು ಪಂದ್ಯ ನೋಡುವುದಾದರೆ ಯಾವುದು?
– ನವನಗರ, ಹುಬ್ಬಳ್ಳಿ

ಉತ್ತರ: 2004ರ ಎನ್‌ಬಿಎ ಫೈನಲ್ ಸರಣಿಯ ಮೂರನೇ ಪಂದ್ಯ, ಡೆಟ್ರಾಯಿಟ್ 88, ಲೇಕರ್ಸ್ 68. ಮೊದಲ ಸಲ ಪಂದ್ಯವಾಗಿ ನೋಡಿ. ಎರಡನೇ ಸಲ ಚೆಂಡನ್ನು ಬಿಟ್ಟು ಟೇಶಾನ್ ಪ್ರಿನ್ಸ್ ಒಬ್ಬನನ್ನೇ ನೋಡಿ. ಕೋಬಿ ಬ್ರಯಂಟ್ ಎದುರು ಅವನು ಎಷ್ಟು ದೂರದಲ್ಲಿ ನಿಲ್ಲುತ್ತಾನೆ, ಕೋಬಿ ಕೈಗೆ ಚೆಂಡು ಬರುವ ಮುನ್ನವೇ ಯಾವ ಪಕ್ಕವನ್ನು ಮುಚ್ಚುತ್ತಾನೆ, ಅವನನ್ನು ದಾಟಿ ಹೋದಾಗ ಹಿಂದಿನಿಂದ ಯಾರು ಬಂದು ನಿಲ್ಲುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕೋಬಿ ಆ ದಿನ ಗಳಿಸಿದ್ದು 11 ಅಂಕ. ಮೂರನೇ ಸಲ ಬೆನ್ ವ್ಯಾಲೇಸ್‌ನನ್ನು ನೋಡಿ. ಒನೀಲ್ ಬೆನ್ನು ಕೊಟ್ಟು ರಿಂಗಿನ ಹತ್ತಿರ ತಳ್ಳುವಾಗ ಎಲ್ಲ ತಂಡಗಳೂ ಇಬ್ಬರನ್ನು ಕಳಿಸುತ್ತಿದ್ದವು. ಡೆಟ್ರಾಯಿಟ್ ಹೆಚ್ಚಿನಂಶ ಒಬ್ಬನನ್ನೇ ಬಿಟ್ಟು, ಉಳಿದ ನಾಲ್ವರನ್ನು ಅವರವರ ಎದುರಾಳಿಯ ಬಳಿಯೇ ನಿಲ್ಲಿಸಿತ್ತು. ಹಾವೇರಿಯ ಶಿಕ್ಷಕರಿಗೆ ಮೇಲೆ ವಿವರಿಸಿದ ಶೆಲ್ ಡ್ರಿಲ್‌ನ ನಾಲ್ಕು ಜಾಗಗಳೂ ಆ ಪಂದ್ಯದಲ್ಲಿ ಕಾಣಸಿಗುತ್ತವೆ. ಬಿಲಪ್ಸ್ ಬಾಯಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನೂ ಗಮನಿಸಿ.